ಎಂಟನೇ ಕ್ಲಾಸಿಗೆ ಟೆಕ್ನಿಕಲ್ ಸ್ಕೂಲು: ಸೇರಿಸಿದವರು ಹೇಳ್ರಿ

ಸಿರುಗುಪ್ಪದ ತಾಯಿ:
ಮಗ ಏಳನೇದು ಪಾಸಾಗಿದಾನೆ. ಸರ್ಕಾರಿ ಕಿರಿಯ ತಾಂತ್ರಿಕ ಶಾಲೆಗೆ, ಜೆಟಿಎಸ್‌ಗೆ ಹಾಕೋಣ ಅಂತಾರೆ ಯಜಮಾನ್ರು. ಮಿಕ್ಸಿ ಕೆಟ್ರೆ ಬಿಚ್ಕೊಂಡು ಕೂಡ್ತಾನೆ, ಗಣಿತ ಮಾತ್ರ ಅಷ್ಟಕ್ಕಷ್ಟೆ. ಹಾಸ್ಟೆಲಲ್ಲಿ ಬಿಡ್ಬೇಕು. ಮುಂದೆ ಪಿಯುಸಿಗೆ ತೊಂದ್ರೆ ಆಗುತ್ತಾ?

ತೋರಣಗಲ್ಲು ಮೆಂಟೆನೆನ್ಸ್:
ಅಕ್ಕಾ, ನಾನು ಜೆಟಿಎಸ್‌ನಲ್ಲೇ ಓದಿದವನು. ನಾವು ಉಕ್ಕಿನ ಪಟ್ಟಿಗೆ ಅರ ಹಾಕಿ ಉಜ್ಜಿದ್ರೆ, ಮೂಲೆಯ ಕೋನ ಸರಿ ಇದೆಯಾ ನೋಡೋ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದು ನೋಡೋರು ನಮ್ಮ ಸರ್. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡ್ರೂ ಮತ್ತೆ ಮಾಡು ಅನ್ನೋರು. ಅಂಗೈ ಬೊಬ್ಬೆ ಬಂದಿತ್ತು. ಎಂಜಿನಿಯರಿಂಗ್ ಗ್ರಾಫಿಕ್ಸ್, ಅಂದ್ರೆ ತಾಂತ್ರಿಕ ಡ್ರಾಯಿಂಗ್, ಹೈಸ್ಕೂಲಲ್ಲೇ ಮುಗಿಸಿದ್ದಕ್ಕೆ, ಡಿಪ್ಲೊಮಾದಾಗೆ ಬೇರೆಯವರು ಒಂದೇ ವಸ್ತುವನ್ನ ಮುಂದಿಂದ, ಮೇಲಿಂದ ನೋಡಿದ ಹಾಗೆ ಬಿಡಿಸೋ ಪ್ರೊಜೆಕ್ಷನ್ ನೋಡಿ ಬೆವರುವಾಗ ನಾನು ಶೀಟು ಮುಗಿಸಿ ಎದ್ದು ಬರ್ತಿದ್ದೆ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಿದೆ. ಇವತ್ತು ರೋಲಿಂಗ್ ಮಿಲ್ ನಿಂತ್ರೆ ಮೊದಲು ಕರೆಯೋದು ನನ್ನನ್ನೇ. ಕಣ್ಣು ಮುಚ್ಚಿ ಸೇರಿಸ್ರಿ.

ಮಾನ್ವಿ ಅಮ್ಮ:
ಕಣ್ಣು ಮುಚ್ಚಿ ಸೇರಿಸಬ್ಯಾಡ್ರಿ ತಂಗಿ! ನನ್ನ ಮಗನ ಶಾಲ್ಯಾಗ ಕಬ್ಬಿಣ ತಿರುಗಿಸಿ ಕಡಿಯೋ ಲೇಥ್ ಮಷಿನ್ ಇತ್ತು, ಕಲಿಸೋರು ಇದ್ದಿಲ್ಲ. ಹುದ್ದೆ ಖಾಲಿ. ಮಳಿ ಬಂದ್ರ ಶೆಡ್ ಸೋರತಿತ್ತು, ಮಷಿನ್ ಮ್ಯಾಲ ತಾಡಪತ್ರಿ ಹೊದಿಸಿ ಹುಡುಗರನ್ನ ಹೊರಗ ಕೂಡಸ್ತಿದ್ರು. ಫೀಸು ಕಡಿಮಿ ಅಂತಾರಲ್ಲ, ನಾನು ಕೊಟ್ಟದ್ದು ಕೇಳ್ರಿ: ಗೆರಿ ಎಳಿಯೋ ಡ್ರಾಫ್ಟರ್ 650, ಡ್ರಾಯಿಂಗ್ ಬೋರ್ಡು 900, ಏಪ್ರನ್ 350, ಬೂಟು 800. ಆ ಬೂಟು ಆರು ತಿಂಗಳಿಗೆ ಸಣ್ಣವಾದ್ವು, ಮತ್ತ 800. ಆಮ್ಯಾಲ ಪಿಯುಸಿ ಸೈನ್ಸಿಗೆ ಗಣಿತ ಹತ್ತಲಿಲ್ಲಂತ ಟ್ಯೂಷನ್ನಿಗೆ 18,000. ಪಿಯುಸಿ ಸೈನ್ಸ್ ಮುಗಿಸಿದವರನ್ನೂ ಡಿಪ್ಲೊಮಾ ಎರಡನೇ ವರ್ಷಕ್ಕ ತಗೋತಾರ. ಅಂದಮ್ಯಾಲ ಹದಿಮೂರು ವರ್ಷದ ಕೂಸಿನ ಕೈಯಾಗ ಅರ ಯಾಕ ಕೊಡಬೇಕು?

ಕೊಪ್ಪಳ ಫಿಟ್ಟರ್:
ಜೆಟಿಎಸ್ಸೂ ಬ್ಯಾಡ, ಡಿಪ್ಲೊಮಾನೂ ಬ್ಯಾಡ. ಎಸ್ಸೆಸ್ಸೆಲ್ಸಿ ಆಗ್ಲಿ, ಐಟಿಐ ಎರಡು ವರ್ಷ, ಆಮ್ಯಾಲ ಅಪ್ರೆಂಟಿಸ್. ನಂಗ 7,000 ಸ್ಟೈಪೆಂಡ್ ಬರ್ತಿತ್ತು. ರೂಮ್ ಬಾಡಿಗಿ 1,800, ಮೆಸ್ 2,600, ಉಳಿದದ್ದು ಅವ್ವಗ. ಓದೋ ಆಸಿ ಇದ್ರ ಐಟಿಐ ಮ್ಯಾಲೂ ಡಿಪ್ಲೊಮಾ ಎರಡನೇ ವರ್ಷಕ್ಕ ಸೇರಬಹುದು. ಡಿಪ್ಲೊಮಾದವರು ಬಂದು ನಮಗ ಸ್ಪ್ಯಾನರ್ ಹಿಡಿಯೋದು ಹೇಳ್ತಾರ, ಬೇರಿಂಗ್ ಬಿಚ್ಚೋರು ನಾವು.

ತೋರಣಗಲ್ಲು ಮೆಂಟೆನೆನ್ಸ್:
ಅಣ್ಣಾ, ಬೇರಿಂಗ್ ಬಿಚ್ಚೋದು ದೊಡ್ಡದಲ್ಲ, ಯಾಕೆ ಹೋಯ್ತು ಅಂತ ಹೇಳೋರು ಯಾರು? ಕಂಟ್ರಾಕ್ಟರ್ ಕೈಕೆಳಗೆ ವರ್ಷಾನುಗಟ್ಟಲೆ ದುಡಿಯೋ ಐಟಿಐ ಹುಡುಗರನ್ನ ದಿನಾ ನೋಡ್ತೀನಿ.

ಕೊಪ್ಪಳ ಫಿಟ್ಟರ್:
ಕಂಟ್ರಾಕ್ಟಿನಾಗ ಡಿಪ್ಲೊಮಾದವರು ಇಲ್ಲೇನು? ಗೇಟ್ ಪಾಸ್ ತೋರಸ್ರಿ, ನೋಡೋಣ.

ಬಳ್ಳಾರಿ ಜೀನ್ಸ್ ಯೂನಿಟ್:
ಇಬ್ಬರೂ ಸುಮ್ನಿರ್ರಿ, ಆ ಯಮ್ಮ ಹೈಸ್ಕೂಲಿಂದು ಕೇಳ್ಯಾರೆ. ನನ್ನ ಮಗಳು ಇಲ್ಲೇ ಸರ್ಕಾರಿ ಹೈಸ್ಕೂಲಲ್ಲಿ 9ನೇ ಕ್ಲಾಸಿಂದ ಮೂರನೇ ಭಾಷೆ ಬದಲು ವೃತ್ತಿ ಕಲಿಸೋ ಎನ್ಎಸ್‌ಕ್ಯುಎಫ್ ಎಲೆಕ್ಟ್ರಾನಿಕ್ಸ್ ತಗೊಂಡ್ಲು. ಹಾಸ್ಟೆಲ್ ಖರ್ಚಿಲ್ಲ. ಬಂಧುಗಳೆಲ್ಲ ಹೆಣ್ಣುಮಗು ಕೈಗೆ ಸೋಲ್ಡರಿಂಗ್ ಯಾಕೆ ಅಂದ್ರು. ಈಗ ಹೊಲಿಗೆ ಮಷಿನ್ ಮೋಟರ್ ಬೋರ್ಡು ಸುಟ್ರೆ ಅವಳೇ ನೋಡ್ತಾಳೆ. ಮೊದಲು ಮೆಕ್ಯಾನಿಕ್ ಬಂದ್ರೆ 1,200 ಇಲ್ಲದೆ ಹೋಗ್ತಿದ್ದಿಲ್ಲ, ಅದೂ ಎರಡು ದಿನ ಕೆಲಸ ನಿಲ್ಲಿಸಿ.

ಮಾನ್ವಿ ಅಮ್ಮ:
ಅಲ್ಲೂ ಕಲಿಸೋರು ಇದ್ರ ಸರಿ ಆಗ್ತದ. ಹೊರಗುತ್ತಿಗಿ ಮಾಸ್ತರ ಪಗಾರ ನಿಂತ್ರ ಅವರಾದ್ರೂ ಯಾಕ ಬರ್ತಾರ? ಶಾಲಿ ನೋಡಿ ಬರ್ರಿ, ಮಷಿನ್ ಅಲ್ಲ, ಮಷಿನ್ ಕೆಳಗ ಕಬ್ಬಿಣದ ಪುಡಿ ಬಿದ್ದೈತೇನು ನೋಡ್ರಿ. ಬಿದ್ದಿದ್ರ ಮಷಿನ್ ಓಡ್ತದ ಅಂತ ಅರ್ಥ.

ತೋರಣಗಲ್ಲು ಮೆಂಟೆನೆನ್ಸ್:
ಈ ಮಾತು ಒಪ್ತೀನಿ. ಅಕ್ಕಾ, ಜೆಟಿಎಸ್ ಎಸ್ಸೆಸ್ಸೆಲ್ಸಿನೂ ಅದೇ ಬೋರ್ಡಿಂದು, ಪಿಯುಸಿ ಬಾಗಿಲು ಮುಚ್ಚಲ್ಲ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್ ಈಗಲೇ ಮಾಡಿಸಿಡ್ರಿ, ಸೀಟಿಗೆ ಬೇಕು.

ಕೊಪ್ಪಳ ಫಿಟ್ಟರ್:
371ಜೆ ತಗೊಂಡು ಖಾಸಗಿ ಫ್ಯಾಕ್ಟರಿ ಗೇಟಿನಾಗ ನಿಂತ್ರ ಯಾರೂ ಒಳಗ ಬಿಡಂಗಿಲ್ಲ. ಭೂಮಿ ನಮ್ದು, ಧೂಳು ನಮ್ಗ, ನೌಕರಿ ಹೊರಗಿನವ್ರಿಗೆ.

ತೋರಣಗಲ್ಲು ಮೆಂಟೆನೆನ್ಸ್:
ನಾನು ಹೇಳಿದ್ದು ಕಾಲೇಜು ಸೀಟಿನ ಮಾತು. ಓದಿ ಉತ್ತರ ಕೊಡ್ರಿ ಅಣ್ಣಾ.

ಸಿರುಗುಪ್ಪದ ತಾಯಿ:
ಗಣಿತ ವೀಕ್ ಇದ್ದವರು ಡ್ರಾಯಿಂಗ್ ಮಾಡಬಹುದಾ, ಅದನ್ನ ಯಾರಾದ್ರೂ ಹೇಳ್ರಿ.