ಅಕ್ಕ, ಆ ‘ಸಿಂಪ್’ ಅನ್ನುವ ಮಾತಿನ ಬಗ್ಗೆ

ಅಕ್ಕ, ನಿನ್ನ ಮೆಸೇಜ್ ಬೆಳಿಗ್ಗೆ ಸ್ಕೂಲಿಗೆ ಹೊರಡುವಾಗ ಕೇಳಿದೆ. ಆಗ ಉತ್ತರ ಕೊಡಲು ಆಗಲಿಲ್ಲ. ಈಗ ಊಟ ಮುಗಿಸಿ ಜಗಲಿ ಮೇಲೆ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಎಲ್ಲರೂ ನಿಧಾನವಾಗಿ ಕೇಳಿ. ನಿನ್ನ ಮಗ ನಮ್ಮ ಈ ಫ್ಯಾಮಿಲಿ ಗ್ರೂಪಿನಲ್ಲಿ ಇಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ನೀನು ಹೇಳಿದ್ದು ಇಷ್ಟು. ಭಾನುವಾರ ಭಾವ ಪಾತ್ರೆ ತೊಳೆಯುತ್ತಿದ್ದರು. ಮಗ ಬಂದು ನೋಡಿ, ‘ಅಪ್ಪ ಪಕ್ಕಾ ಸಿಂಪ್’ ಅಂತ ನಕ್ಕ. ಏನೋ ಹೊಗಳಿದ ಅಂದುಕೊಂಡು ಭಾವನೂ ನಕ್ಕರು. ಆಮೇಲೆ ಮಗಳು, ‘ಹೆಂಗಸರ ಮುಂದೆ ತಗ್ಗಿ ನಡೆಯುವವನು’ ಅಂತ ಅರ್ಥ ಹೇಳಿದಾಗ ನಿನಗೆ ಹೊಟ್ಟೆ ಚುರ್ ಅಂತು. ಇಂಥ ಮಾತೆಲ್ಲ ಎಲ್ಲಿಂದ ಬರುತ್ತವೆ ಅಂತ ಕೇಳಿದೆ. ಅದಕ್ಕೆ ದೊಡ್ಡಪ್ಪ, ‘ವಯಸ್ಸಿನ ಹುಡುಗರು, ಬಿಡು’ ಅಂದರು. ದೊಡ್ಡಪ್ಪ, ತಪ್ಪು ತಿಳಿಯಬೇಡಿ. ಇದು ಬಿಡುವಂಥದ್ದಲ್ಲ.

ನಮ್ಮ ಕಾಲದಲ್ಲಿ ಹುಡುಗಿಯರ ಹಿಂದೆ ಬಾಯಿ ಬಿಟ್ಟುಕೊಂಡು ಸುತ್ತುವವನಿಗೆ ಜೊಲ್ಲು ಪಾರ್ಟಿ ಅನ್ನುತ್ತಿದ್ದೆವು. ಸಿಂಪ್ ಅಂದರೂ ಅದೇ ಅಂದುಕೊಂಡಿದ್ದೆ. ಅಲ್ಲ. ಹುಡುಗಿಯ ಜೊತೆ ಮರ್ಯಾದೆಯಿಂದ ಮಾತಾಡಿದವನೂ ಇವರ ಲೆಕ್ಕದಲ್ಲಿ ಸಿಂಪ್. ನೋಟ್ಸ್ ಕೊಟ್ಟವನು, ಸಾರಿ ಕೇಳಿದವನು, ಅಡುಗೆಮನೆಯಲ್ಲಿ ಹೆಂಡತಿಯ ಜೊತೆ ಕೈ ಜೋಡಿಸಿದವನು, ಎಲ್ಲರೂ ಸಿಂಪ್. ಒಬ್ಬ ಹುಡುಗ ಒಳ್ಳೆಯವನಾಗಿ ಇರುವುದಕ್ಕೇ ನಾಚಿಕೆ ಪಡಬೇಕು, ಹಾಗೆ ಮಾಡಿಬಿಡುತ್ತದೆ ಆ ಮಾತು. ನನಗೆ ಸಿಟ್ಟು ಬರುವುದು ಅದಕ್ಕೇ.

ಹೋದ ತಿಂಗಳು ಒಂಬತ್ತನೇ ಕ್ಲಾಸಿನ ನೋಟ್‌ಬುಕ್ ತಿದ್ದುತ್ತಿದ್ದೆ. ಒಬ್ಬನ ಪುಸ್ತಕದ ಕೊನೇ ಪುಟದಲ್ಲಿ ಕ್ಲಾಸಿನ ಹುಡುಗಿಯರ ಹೆಸರು ಸಾಲಾಗಿ ಇತ್ತು. ಪಕ್ಕದಲ್ಲಿ ಅಂಕ. 10ಕ್ಕೆ 4, 10ಕ್ಕೆ 7. ನಾವು ಟೆಸ್ಟ್ ಅಂಕ ಬರೆಯುವ ಹಾಗೇ, ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಿದ್ದ. ಅವನು ಕೆಟ್ಟ ಹುಡುಗ ಅಲ್ಲ, ಅಮ್ಮನ ಜೊತೆ ಸಂತೆಯಲ್ಲಿ ಸೊಪ್ಪು ಮಾರಲು ಕೂರುವವನು. ಕರೆದು ಕೇಳಿದರೆ, ‘ರೀಲ್ಸಲ್ಲಿ ಹಿಂಗೇ ಮಾಡ್ತಾರೆ ಸಾರ್’ ಅಂದ.

ಆಮೇಲೆ ಇದೆಲ್ಲ ಎಲ್ಲಿಂದ ಬರುತ್ತದೆ ಅಂತ ನಾನು ಕೂತು ಓದಿದೆ. ಅದರಲ್ಲಿ ಒಂದು ವಿಷಯ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ‘ಇನ್ಸೆಲ್’ ಅಂತ ಒಂದು ಪದ ಇದೆ. ಇಷ್ಟ ಇದ್ದರೂ ಜೊತೆಗೆ ಯಾರೂ ಸಿಗದವರು ಅಂತ ಅರ್ಥ. ಅದರ ಮೂಲ 1990ರ ದಶಕದಲ್ಲಿ ಕೆನಡಾದ ಒಬ್ಬ ಹುಡುಗಿ. ಒಂಟಿತನ ಅನುಭವಿಸುವ ಗಂಡಸರು ಹೆಂಗಸರು ಇಬ್ಬರೂ ಕಷ್ಟ ಹೇಳಿಕೊಳ್ಳಲಿ ಅಂತ ಇಂಟರ್‌ನೆಟ್ಟಿನಲ್ಲಿ ಒಂದು ಜಾಗ ಮಾಡಿದಳು. ಕೆಲವು ವರ್ಷ ನಡೆಸಿ ಬಿಟ್ಟಳು. ಆಮೇಲೆ ಆ ಪದ, ‘ನಮ್ಮ ಕಷ್ಟಕ್ಕೆಲ್ಲ ಹೆಂಗಸರೇ ಕಾರಣ’ ಅನ್ನುವ ಹುಡುಗರ ಕೈಗೆ ಸಿಕ್ಕಿತು. 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಇದೇ ದ್ವೇಷದಲ್ಲಿ ಆರು ಜನರನ್ನು ಕೊಂದ. ಅವನನ್ನೇ ಹೀರೋ ಮಾಡಿಕೊಂಡ ಇನ್ನೊಬ್ಬ 2018ರ ಏಪ್ರಿಲ್‌ನಲ್ಲಿ ಕೆನಡಾದ ಟೊರಾಂಟೊದಲ್ಲಿ ಫುಟ್‌ಪಾತ್ ಮೇಲೆ ವ್ಯಾನ್ ಹತ್ತಿಸಿದ. ಹತ್ತು ಜನ ಅಂದೇ ಹೋದರು, ಹೆಚ್ಚಿನವರು ಹೆಂಗಸರು. ಸಮಾಧಾನಕ್ಕೆ ಅಂತ ಹುಟ್ಟಿದ ಮಾತು ಅದೇ ದೇಶದ ಬೀದಿಯಲ್ಲಿ ಹೀಗಾಯಿತು.

ನಮ್ಮ ಹುಡುಗ ಅಲ್ಲಿಗೆ ಹೋಗಿಬಿಡುತ್ತಾನೆ ಅಂತಲ್ಲ ಅಕ್ಕ, ಹೆದರಬೇಡ. ಆದರೆ ಇದು ಫಾರಿನ್ ವಿಷಯ ಅಂತಲೂ ಅಂದುಕೊಳ್ಳಬೇಡಿ. 2020ರಲ್ಲಿ ದೆಹಲಿಯ ಸ್ಕೂಲ್ ಹುಡುಗರು ಇನ್‌ಸ್ಟಾಗ್ರಾಮಿನಲ್ಲಿ ಗುಂಪು ಮಾಡಿಕೊಂಡು ಹುಡುಗಿಯರ ಫೋಟೊ ಹಾಕಿ ಹೊಲಸು ಮಾತಾಡಿ ಸಿಕ್ಕಿಬಿದ್ದರು. 2022ರ ಜನವರಿಯಲ್ಲಿ ಮುಸ್ಲಿಂ ಹೆಣ್ಣುಮಕ್ಕಳ ಫೋಟೊಗಳನ್ನು ಆ್ಯಪಿನಲ್ಲಿ ಹರಾಜಿಗೆ ಇಟ್ಟ ಕೇಸಿನಲ್ಲಿ ಮುಂಬೈ ಪೊಲೀಸರು ಹಿಡಿದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೂ ಇದ್ದ.

ಇನ್ನು ‘ಆಲ್ಫಾ’, ಅಂದರೆ ಎಲ್ಲರ ಮೇಲೆ ಯಜಮಾನಿಕೆ ಮಾಡುವ ಗಂಡು. ನಮ್ಮ ಹುಡುಗನ ಡಿಪಿಯಲ್ಲಿ ತೋಳ ಇದೆಯಲ್ಲ, ಅದೇ. 1947ರಲ್ಲಿ ಸ್ವಿಟ್ಜರ್ಲೆಂಡಿನ ಒಬ್ಬ ವಿಜ್ಞಾನಿ ಬಾಸೆಲ್ ಝೂನಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಇವು ಕಾದಾಡುತ್ತವೆ, ಗೆದ್ದದ್ದು ಯಜಮಾನ ಆಗುತ್ತದೆ ಅಂತ ಬರೆದ. 1970ರಲ್ಲಿ ಡೇವಿಡ್ ಮೆಕ್ ಅನ್ನುವ ಅಮೆರಿಕದ ವಿಜ್ಞಾನಿಯ ಪುಸ್ತಕದಿಂದ ಅದು ಎಲ್ಲ ಕಡೆ ಹರಡಿತು. ಆಮೇಲೆ ಅದೇ ಮೆಕ್ ಕೆನಡಾದ ಉತ್ತರದ ತುದಿಗೆ ಹೋಗಿ ಕಾಡುತೋಳಗಳನ್ನು ಹಲವು ಬೇಸಿಗೆ ಹತ್ತಿರದಿಂದ ನೋಡಿದರು. ಅಲ್ಲಿ ಗುಂಪು ಅಂದರೆ ಒಂದು ಸಂಸಾರ. ಆಲ್ಫಾ ಅಂತ ಕರೆದಿದ್ದು ಬೇರೆ ಯಾರೂ ಅಲ್ಲ, ಮರಿಗಳ ಅಪ್ಪ ಅಮ್ಮ. ಅಮ್ಮ ಮರಿಗಳ ಹತ್ತಿರ ಇದ್ದರೆ ಅಪ್ಪ ಬೇಟೆಯಾಡಿ ತಂದು ಅವಳಿಗೂ ಮರಿಗಳಿಗೂ ಉಣಿಸುತ್ತದೆ. 1999ರಲ್ಲಿ ಅವರೇ ಇದನ್ನು ಬರೆದರು, ತಮ್ಮ ಹಳೇ ಪುಸ್ತಕವನ್ನು ಇನ್ನು ಅಚ್ಚು ಹಾಕಬೇಡಿ ಅಂತಲೂ ಕೇಳಿಕೊಂಡರು. ಓದುವಾಗ ನನಗೆ ಭಾವನ ನೆನಪಾಯಿತು, ನಿಜವಾಗಿಯೂ. ಮಗ ಡಿಪಿಗೆ ಹಾಕಿಕೊಂಡ ತೋಳ ಸಿಂಕ್ ಮುಂದೆ ನಿಂತಿತ್ತು, ಅವನಿಗೆ ಗೊತ್ತಾಗಲಿಲ್ಲ.

ಈಗ ಒಂದು ಕಷ್ಟದ ಮಾತು. ಈ ಇಂಗ್ಲಿಷ್ ಪದ ಬರುವ ಮುಂಚೆ ನಮ್ಮ ಮನೆಯಲ್ಲಿ ಇಂಥ ಮಾತು ಇರಲಿಲ್ವಾ? ‘ಬಳೆ ತೊಟ್ಟುಕೊಂಡು ಕೂತುಕೋ’ ಅನ್ನುತ್ತೇವೆ. ಬಿದ್ದು ಮಂಡಿ ತರಚಿದ ಮಗುವಿಗೆ ‘ಹುಡುಗಿ ಥರ ಅಳಬೇಡ’ ಅನ್ನುತ್ತೇವೆ. ಚಿಕ್ಕಪ್ಪನ ಮನೆ ಗೃಹಪ್ರವೇಶದಲ್ಲಿ ಭಾವ ಅಕ್ಕನ ಬ್ಯಾಗ್ ಹಿಡಿದು ನಿಂತಾಗ ಯಾರೋ ‘ಹೆಂಡತಿ ಗುಲಾಮ’ ಅಂದರು. ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕೆವು, ನಾನೂ ನಕ್ಕೆ. ಎದುರು ಎಲೆಯಲ್ಲಿ ನಮ್ಮ ಹುಡುಗ ಹೋಳಿಗೆ ತಿನ್ನುತ್ತಾ ಕೂತಿದ್ದ. ಇದೇ ಗ್ರೂಪಿನಲ್ಲಿ ವಾರಕ್ಕೆ ಎಷ್ಟು ಹೆಂಡತಿ ಜೋಕ್ ಬರುತ್ತವೆ ಒಮ್ಮೆ ಮೇಲೆ ಹೋಗಿ ನೋಡಿ. ದಯವಿಟ್ಟು ಅವನ್ನು ನಿಲ್ಲಿಸೋಣ. ಚಿಕ್ಕಪ್ಪ, ನಿಮ್ಮನ್ನೂ ಕೇಳಿಕೊಳ್ಳುತ್ತೇನೆ.

ಅಕ್ಕ, ಯುಗಾದಿಗೆ ಬಂದಾಗ ಅವನು ಟೆರೇಸ್ ಮೇಲೆ ನನ್ನ ಜೊತೆ ತುಂಬಾ ಹೊತ್ತು ಮಾತಾಡಿದ. ನಂಬಿ ಹೇಳಿದ್ದನ್ನು ಇಲ್ಲಿ ಹೇಳುವುದಿಲ್ಲ. ಇಷ್ಟು ಮಾತ್ರ ತಿಳಿದುಕೋ, ಅವನಿಗೆ ಎಲ್ಲೋ ನೋವಾಗಿದೆ. ಮನೆಯಲ್ಲಿ ಹೇಳಲು ಆಗಲಿಲ್ಲ. ರಾತ್ರಿ ಫೋನು ತೆಗೆದರೆ ದೊಡ್ಡ ಕಾರಿನಲ್ಲಿ ಕೂತ ಯಾವನೋ ಒಬ್ಬ, ‘ನಿನ್ನದೇನೂ ತಪ್ಪಿಲ್ಲ, ಹುಡುಗಿಯರೇ ಹಾಗೆ’ ಅನ್ನುತ್ತಾನೆ. ಹದಿನೇಳು ವರ್ಷದ ಹುಡುಗನಿಗೆ ಅದು ಹಿತವಾಗಿ ಕೇಳಿಸುತ್ತದೆ. ಇದರಲ್ಲಿ ದುಡ್ಡು ಮಾಡುವವರೂ ಇದ್ದಾರೆ. ಗಂಡಸಾಗುವುದು ಹೇಗೆ ಅಂತ ಕೋರ್ಸ್ ಮಾರುತ್ತಾರೆ.

ಫೋನು ಕಿತ್ತುಕೊಳ್ಳಬೇಡ. ಬೈಯಲೂ ಬೇಡ. ಭಾವ, ನಿಮ್ಮ ಹತ್ತಿರ ಒಂದೇ ಕೇಳುವುದು, ಅವನು ನಕ್ಕ ಅಂತ ಪಾತ್ರೆ ತೊಳೆಯುವುದು ಬಿಡಬೇಡಿ. ಆಗುವುದಾದರೆ ಒರೆಸುವ ಬಟ್ಟೆ ಅವನ ಕೈಗೂ ಕೊಡಿ.

ಶನಿವಾರ ಕಾಲೇಜು ಮುಗಿದ ಮೇಲೆ ಅವನನ್ನು ಇಲ್ಲಿಗೆ ಕಳಿಸಿ. ತೋಟದ ಪಂಪ್‌ಸೆಟ್ ಮತ್ತೆ ನೀರು ಎಳೆಯುತ್ತಿಲ್ಲ, ಬಿಚ್ಚಬೇಕು. ಕೈಯಲ್ಲಿ ಸ್ಪ್ಯಾನರ್ ಇದ್ದರೆ ಅವನು ತಾನಾಗಿ ಮಾತಾಡುತ್ತಾನೆ. ಭಾನುವಾರ ಸಂಜೆ ಬಸ್ಸಿಗೆ ನಾನೇ ಹತ್ತಿಸುತ್ತೇನೆ.