ಕುದುರೆ ಸವಾರಿಯ ಸ್ಪರ್ಧೆ ಡ್ರೆಸಾಜ್‌ಗೆ ಕನ್ನಡದಲ್ಲಿ ಏನನ್ನೋಣ? ಅದನ್ನು ‘ಆಡುತ್ತಾರಾ’, ‘ಮಾಡುತ್ತಾರಾ’?

ಡ್ರೆಸಾಜ್ ಸವಾರ ಅನೂಷ್ ಅಗರ್‌ವಾಲಾ ಬಗ್ಗೆ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. ಕೋಲ್ಕತ್ತದ ಹುಡುಗ, 17ನೇ ವಯಸ್ಸಿಗೇ ಜರ್ಮನಿಗೆ ಹೋಗಿ ತರಬೇತುದಾರ ಹ್ಯೂಬರ್ಟಸ್ ಶ್ಮಿಟ್ ಹತ್ತಿರ ಕಲಿತವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ತಂಡಕ್ಕೆ ಚಿನ್ನ ಬಂತು, ಎಟ್ರೊ ಎಂಬ ಕುದುರೆಯ ಮೇಲೆ ಇವರಿಗೆ ಬೇರೆಯಾಗಿ ಕಂಚೂ ಸಿಕ್ಕಿತು. ಮರುವರ್ಷ ಪ್ಯಾರಿಸ್‌ನಲ್ಲಿ ಸರ್ ಕ್ಯಾರಮೆಲೊ ಓಲ್ಡ್ ಎಂಬ ಕುದುರೆಯ ಮೇಲೆ ಸ್ಪರ್ಧಿಸಿದರು. ಒಲಿಂಪಿಕ್ಸ್ ಡ್ರೆಸಾಜ್‌ಗೆ ನಮ್ಮ ದೇಶದಿಂದ ಹೋದ ಮೊದಲಿಗರು ಅವರೇ. ಇಷ್ಟು ಸಲೀಸಾಗಿ ಬರೆದೆ. ಅವರು ಮಾಡುವುದು ಏನು ಅಂತ ಹೇಳಹೊರಟಾಗಲೇ ತೊಡಕು.

ಡ್ರೆಸಾಜ್ ಅಂತಲೇ ಬಿಟ್ಟರೆ ಓದುವವರಿಗೆ ಮೊದಲು ಹೊಳೆಯುವುದು ‘ಡ್ರೆಸ್ಸು’. ಸವಾರರ ಉದ್ದ ಕೋಟು ನೋಡಿದರೆ ಅದು ನಿಜವೇ ಇರಬೇಕು ಅನ್ನಿಸುತ್ತದೆ ಬೇರೆ! ಮೂಲ ಫ್ರೆಂಚಿನಲ್ಲಿ ಅದು ಪಳಗಿಸುವುದು, ತರಬೇತಿ ಕೊಡುವುದು. ಆದರೆ ‘ಪಳಗಿಸು’ ಅಂದರೆ ನಮಗೆ ಕಾಡಾನೆ, ಅದನ್ನು ಕೂಡಿಹಾಕುವ ಕ್ರಾಲು ನೆನಪಾಗುತ್ತವೆ, ಅಲ್ವಾ? ‘ಕುದುರೆ ನೃತ್ಯ’ ಅನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಪಿಯಾಫ್ ಅನ್ನೋದನ್ನೇ ತಗೊಳ್ಳಿ. ಕುದುರೆ ಹೆಚ್ಚುಕಡಿಮೆ ನಿಂತ ಜಾಗದಲ್ಲೇ ಓಡುನಡೆಯ ಹೆಜ್ಜೆ ಹಾಕುತ್ತದೆ, ಒಂದು ಮುಂಗಾಲು ಮತ್ತು ಅದರ ಎದುರು ಬದಿಯ ಹಿಂಗಾಲು ಒಟ್ಟಿಗೆ ಮೇಲೇಳುತ್ತವೆ, ಹಿಂಭಾರ ಹೆಚ್ಚಿ ಸೊಂಟ ಸ್ವಲ್ಪ ತಗ್ಗುತ್ತದೆ. ಸವಾರ ಸುಮ್ನೆ ಕೂತಂತೆ ಕಾಣುತ್ತಾನೆ, ಬಾಯಿಬಿಟ್ಟು ಕುದುರೆಗೆ ಏನಾದರೂ ಹೇಳಿದರೆ ಅಂಕ ಹೋಗುತ್ತದೆ. ಕೆಲಸವೆಲ್ಲ ಕೂತ ಭಾರ, ಮೀನಖಂಡ, ಬೆರಳುಗಳದ್ದು. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಒಂದೊಂದು ಚಲನೆಗೂ 0ಯಿಂದ 10ರವರೆಗೆ ಅಂಕ. ಕುಣಿತ ಅಂದುಬಿಟ್ಟರೆ ಇದೆಲ್ಲ ಮರೆಯಾಗುತ್ತದೆ.

ನನಗೆ ‘ನಡೆ’ ಎಂಬ ಮಾತು ಇಷ್ಟ. ಕುದುರೆಯ ಹೆಜ್ಜೆಯ ಬಗೆಗೂ ಅದೇ, ಅದರ ವಿಧೇಯತೆಗೂ ಅದೇ ಒದಗುತ್ತದೆ. ‘ನಡೆತಿದ್ದು’, ‘ನಡೆಪಳಗು’ ಅಂದರೆ ಕಿವಿಗೆ ಹೇಗಿದೆ? ಅಮರಕೋಶದಲ್ಲಿ ಕುದುರೆಯ ಐದು ನಡೆಗಳಿಗೆ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಹೆಸರುಗಳೇನೋ ಇವೆ, ಕ್ರೀಡಾಪುಟಕ್ಕೆ ಭಾರ.

ಇನ್ನು ಕ್ರಿಯಾಪದ. ಕಬಡ್ಡಿ ಆಡುತ್ತಾರೆ, ಯೋಗ ಮಾಡುತ್ತಾರೆ. ಡ್ರೆಸಾಜ್? ‘ಕುದುರೆ ಓಡಿಸಿದರು’ ಅಂದರೆ ರೇಸ್ ಆಯಿತು. ಬೆಂಗಳೂರಿನ ಫವಾದ್ ಮಿರ್ಜಾ ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗಲೂ ಇದೇ ಪೇಚು: ಅವರದು ಈವೆಂಟಿಂಗ್, ಅಂದರೆ ಮೂರು ಹಂತದ ಕುದುರೆ ಸ್ಪರ್ಧೆ. ಅದರಲ್ಲಿ ಡ್ರೆಸಾಜ್ ಮೊದಲ ಹಂತ ಮಾತ್ರ, ಅಲ್ಲಿ ಅವರಿಗೆ ಬಂದ 28 ದಂಡದ ಅಂಕ, ಕಡಿಮೆ ಇದ್ದಷ್ಟೂ ಒಳ್ಳೆಯದು. ಬರೀ ‘28 ಅಂಕ ಗಳಿಸಿದರು’ ಅಂದರೆ ಅರ್ಥವೇ ತಿರುಗುಮುರುಗು. ‘28 ದಂಡಾಂಕ’ ಅನ್ನಬಹುದೇ?

ಮೈಸೂರಿನ ಅಶ್ವಾರೋಹಿ ದಳದಲ್ಲಿ ದಿನಾ ಕುದುರೆ ಹತ್ತುವವರ ಪರಿಚಯ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಕುದುರೆ ಹೆಜ್ಜೆ ಬದಲಿಸುವುದಕ್ಕೆ, ನಿಂತಲ್ಲೇ ಹೆಜ್ಜೆ ಹಾಕುವುದಕ್ಕೆ ಅವರ ಬಾಯಲ್ಲಿ ಏನು ಮಾತಿದೆ ಅಂತ ಕೇಳಿ ತಿಳಿಸಿ. ಹಿಂದಿ, ಉರ್ದುವಿನಿಂದ ಬಂದ ಮಾತಾದರೂ ಪರವಾಗಿಲ್ಲ.