ಸ್ಕೂಲ್ ನಾಟಕದಲ್ಲಿ ಮಗಳಿಗೆ ಕೆಲಸದವಳ ಪಾತ್ರ: ಟೀಚರ್ ಹತ್ತಿರ ಮಾತಾಡಲಾ?

ಮೈಸೂರಿನ ಅಮ್ಮ, ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ಮಗಳು ಐದನೇ ಕ್ಲಾಸು. ನಾಟಕದಲ್ಲಿ ಕೆಲಸದವರ ಪಾತ್ರ ಎರಡು. ಒಂದು ಇವಳಿಗೆ, ಇನ್ನೊಂದು ಕ್ಲಾಸಿನ ಕಪ್ಪು ಹುಡುಗಿಗೆ. ಫೆಬ್ರವರಿಯಲ್ಲಿ ಇಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು, ಅದರ ಪ್ರಾಜೆಕ್ಟಿಗೆ ಇವಳು ಕಪ್ಪು ನಟಿ ಡಯಾನ್ ಕ್ಯಾರಲ್ ಬಗ್ಗೆ ಬರೆಯುತ್ತಿದ್ದಾಳೆ. 'ಅವರು 1968ರಲ್ಲೇ ಟಿವಿಯಲ್ಲಿ ನರ್ಸ್ ಆಗಿದ್ದರಲ್ಲಮ್ಮಾ, ನಾವ್ಯಾಕೆ ಈಗಲೂ ಕಸ ಗುಡಿಸಬೇಕು' ಅಂತ ಕೇಳಿದಳು. ಎರಡು ದಿನದಿಂದ ನನಗೆ ನಿದ್ದೆ ಇಲ್ಲ. ಟೀಚರ್‌ಗೆ ಹೇಳಲಾ, ಸುಮ್ನೆ ಇರಲಾ?

ದಾವಣಗೆರೆ ಅಂಕಲ್, ಡಲ್ಲಾಸ್: ನಾಟಕದಿಂದ ಏನೂ ಆಗಲ್ಲಮ್ಮ. ಗಣಿತಕ್ಕೆ ಹಾಕಿ. ನನ್ನ ಮಗಳು ಈಗ ಡಾಕ್ಟರ್, ಪಾತ್ರ ಯಾವುದು ಅಂತ ಯಾರೂ ಕೇಳಲ್ಲ.

ಧಾರವಾಡದ ಅಕ್ಕ, ಚಿಕಾಗೊ: ನಿಮ್ಮ ಮಗಳು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾಳೆ. 1950ರಲ್ಲಿ 'ಬ್ಯೂಲಾ' ಅನ್ನೋ ಧಾರಾವಾಹಿ ಬಂತು, ಕಪ್ಪು ನಟಿ ಎಥೆಲ್ ವಾಟರ್ಸ್ ಅದರ ನಾಯಕಿ, ಆದರೆ ಪಾತ್ರ ಬಿಳಿಯರ ಮನೆ ಕೆಲಸದವಳದ್ದು. ಅಲ್ಲಿಂದ 'ಜೂಲಿಯಾ' ಧಾರಾವಾಹಿಯಲ್ಲಿ ಕ್ಯಾರಲ್ ಮಾಡಿದ ನರ್ಸ್ ಪಾತ್ರಕ್ಕೆ ಬರಲು 18 ವರ್ಷ ಬೇಕಾಯಿತು. ಆಗಲೂ ಕ್ಯಾರಲ್ ಬೈಗುಳ ತಿಂದರು, ನಿಜವಾದ ಕಪ್ಪು ಜನರ ಬದುಕು ಇದರಲ್ಲಿಲ್ಲ ಅಂತ. ಇನ್ನೊಬ್ಬ ಕಪ್ಪು ನಟಿ ಸಿಸಿಲಿ ಟೈಸನ್ ಅಂತೂ ಮರ್ಯಾದೆ ಕಳೆಯುವ ಪಾತ್ರ ಬೇಡವೇ ಬೇಡ ಅಂದರು, ಕೆಲಸ ಇಲ್ಲದೆ ಕೂರಬೇಕಾದರೂ ಸರಿ ಅಂತ. ಮಗಳಿಗೆ ಈ ಪಾತ್ರ ಬಿಡಿಸಿ.

ಶಿವಮೊಗ್ಗ ಹುಡುಗ, ಸಿಯಾಟಲ್: ಬಿಡಿಸಬೇಡಿ ಅಕ್ಕ! ಬಾಹ್ಯಾಕಾಶದ ಕಥೆಯ ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್' ಮೊದಲ ಸೀಸನ್ ಆದಮೇಲೆ ಅದರ ಕಪ್ಪು ನಟಿ ನಿಶೆಲ್ ನಿಕೋಲ್ಸ್ ಬಿಡಲು ಹೊರಟಿದ್ದರು. ತಡೆದವರು ಮಾರ್ಟಿನ್ ಲೂಥರ್ ಕಿಂಗ್, ಆಕೆಯೇ ಹೇಳಿಕೊಂಡಿದ್ದಾರೆ. ನಿಕೋಲ್ಸ್ ಅವರನ್ನು ಟಿವಿಯಲ್ಲಿ ನೋಡಿ ಬೆಳೆದ ಕಪ್ಪು ಹುಡುಗಿ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೇ ಹೋದರು.

ಧಾರವಾಡದ ಅಕ್ಕ, ಚಿಕಾಗೊ: ತಮ್ಮಾ, ಅದು ಬಾಹ್ಯಾಕಾಶ ಹಡಗಿನ ಅಧಿಕಾರಿಯ ಪಾತ್ರ, ಪೊರಕೆ ಹಿಡಿಯೋದಲ್ಲ.

ಉಡುಪಿ, ಬೋಸ್ಟನ್: ನಾನು ಇಲ್ಲಿ ಟೀಚರ್. ಮೊದಲು ಮಗಳಿಗೆ ಏನು ಬೇಕು ಕೇಳಿ. ಆಮೇಲೆ ಚಿಕ್ಕ ಮೇಲ್ ಹಾಕಿ: ಪಾತ್ರಗಳನ್ನು ಹೇಗೆ ಹಂಚಿದಿರಿ, ಎರಡೂ ಕೆಲಸದವರ ಪಾತ್ರ ಈ ಇಬ್ಬರಿಗೇ ಬಂದದ್ದನ್ನು ಗಮನಿಸಿದಿರಾ ಅಂತ. ಆರೋಪ ಬೇಡ. ಸಾಧ್ಯವಾದರೆ ಆ ಹುಡುಗಿಯ ಅಮ್ಮನ ಜೊತೆಯೂ ಮಾತಾಡಿ.

ಮಂಡ್ಯ, ಅಟ್ಲಾಂಟಾ: ಟೀಚರ್ ವಿಷಯ ಆಮೇಲೆ. ಮೊದಲು ನಮ್ಮ ಮನೆ ನೋಡಿಕೊಳ್ಳಿ! ಮದುವೆ ಜಾಹೀರಾತಿನಲ್ಲಿ 'ಬೆಳ್ಳಗಿನ ಹುಡುಗಿ' ಬೇಕು, ಮಕ್ಕಳು ಬಿಸಿಲಿಗೆ ಹೋದರೆ ಅಜ್ಜಿಗೆ ಸಂಕಟ. ಕಪ್ಪು ಜನ ಬೀದಿಗಿಳಿದು ಒದೆ ತಿಂದು ಹೋರಾಡಿದ್ದಕ್ಕೇ 1964ರ ನಾಗರಿಕ ಹಕ್ಕು ಕಾಯ್ದೆ ಬಂತು. ಅದೇ ಗಾಳಿಯಲ್ಲಿ 1965ರ ವಲಸೆ ಕಾಯ್ದೆ ಬಂದು ನಮ್ಮವರಿಗೆ ಬಾಗಿಲು ತೆರೆಯಿತು. ಅವರ ಮಕ್ಕಳ ಜೊತೆ ನಮ್ಮ ಮಕ್ಕಳನ್ನು ಆಡಲು ಬಿಡದವರು ಇಲ್ಲೇ ಎಷ್ಟು ಜನ ಇಲ್ಲ?

ದಾವಣಗೆರೆ ಅಂಕಲ್, ಡಲ್ಲಾಸ್: ಎಲ್ಲರೂ ಹಾಗಿಲ್ಲ. ನಮ್ಮ ಪಕ್ಕದ ಮನೆಯವರು ಕಪ್ಪು ಜನವೇ, ದೀಪಾವಳಿಗೆ ಊಟಕ್ಕೆ ಬರುತ್ತಾರೆ.

ಮಂಡ್ಯ, ಅಟ್ಲಾಂಟಾ: ಊಟದ ಮಾತಲ್ಲ ಅಂಕಲ್. ನಮ್ಮ ಸಂಘದ ಯುಗಾದಿ ನಾಟಕದಲ್ಲಿ ಪ್ರತಿ ವರ್ಷ ರಾಣಿ ಯಾರು, ದಾಸಿ ಯಾರು ಅಂತ ನೋಡಿದ್ದೀರಾ? ನಾಟಕ ಆಡಿಸುವವರು ಈ ಗುಂಪಿನಲ್ಲೇ ಇದ್ದೀರಿ, ಉತ್ತರ ಕೊಡಿ.